ಘಟ್ಟ ಹತ್ತುವ ಮೊದಲು ಗಾಳಿ ಓದಿ: ಕರಾವಳಿಯವರಿಗೊಂದು ಮೈಕ್ರೋಲೈಟ್ ಮಾರ್ಗದರ್ಶಿ

ಮಲ್ಪೆಯಲ್ಲಿ ಬೋಟಿಗೆ ಹಗ್ಗ ಕಟ್ಟಿಕೊಂಡು ಮೇಲೇರುತ್ತಾರಲ್ವಾ, ಅದು ಪ್ಯಾರಾಸೇಲಿಂಗ್. ಬೆನ್ನಿಗೆ ದೊಡ್ಡ ಫ್ಯಾನ್ ಕಟ್ಟಿಕೊಂಡು ಓಡಿ ಹಾರುವುದು ಪ್ಯಾರಾಮೋಟರ್. ನಾನು ಹೇಳುತ್ತಿರುವುದು ಎರಡೂ ಅಲ್ಲ. ಮೈಕ್ರೋಲೈಟ್ ಅಂದರೆ ಇಂಜಿನ್, ರೆಕ್ಕೆ, ಗಾಲಿ ಎಲ್ಲ ಇರುವ ವಿಮಾನವೇ. ಸಣ್ಣದು, ಅಷ್ಟೆ. ಹೆಚ್ಚೆಂದರೆ ಎರಡು ಸೀಟು. ಎರಡು ಸೀಟಿನದಾದರೆ ಜನ, ಪೆಟ್ರೋಲ್, ಬ್ಯಾಗು ಎಲ್ಲ ಸೇರಿ 450 ಕಿಲೋ ಮಿತಿ.

ನಾನು ಇದನ್ನು ಕಲಿಯುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಮೇಲೆ ಇಂಜಿನ್ ಬಂದ್ ಆದ್ರೆ ಎಂತ ಮಾಡ್ತಿ?" ಒಳ್ಳೆಯ ಪ್ರಶ್ನೆ. ಉತ್ತರ ಮುಂದೆ ಉಂಟು, ಓದ್ತಾ ಹೋಗಿ.

ನಾನು ಹೊರಟಾಗ ನಮ್ಮ ಎರಡು ಜಿಲ್ಲೆಗಳಲ್ಲಿ, ದಕ್ಷಿಣ ಕನ್ನಡದಲ್ಲಾಗಲಿ ಉಡುಪಿಯಲ್ಲಾಗಲಿ, ಸಾಮಾನ್ಯ ಜನರಿಗೆ ಕಲಿಸುವ ಮೈಕ್ರೋಲೈಟ್ ಶಾಲೆ ಸಿಗಲಿಲ್ಲ. ಹಾಗಾಗಿ ಘಟ್ಟದ ಮೇಲೆ ಹೋಗಿ ಕಲಿತೆ. ಆದರೆ ಅರ್ಧ ಕಲಿಕೆ ಇಲ್ಲೇ, ಕಡಲ ಬದಿಯಲ್ಲೇ, ಒಂದು ರೂಪಾಯಿ ಖರ್ಚಿಲ್ಲದೆ ಆಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಅದಕ್ಕೇ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ

ಯೂಟ್ಯೂಬಿನಲ್ಲಿ ಅಮೆರಿಕದವನೊಬ್ಬ ತನ್ನ ಗದ್ದೆಯಿಂದಲೇ ಪುಟ್ಟ ವಿಮಾನ ಹಾರಿಸುತ್ತಾನೆ, ಲೈಸೆನ್ಸ್ ಬೇಡ ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅಲ್ಲಿ ಭಾಗ 103 ಅನ್ನುವ ನಿಯಮ ಇದೆ. ಒಂದೇ ಸೀಟು, ಖಾಲಿ ತೂಕ ಸುಮಾರು 115 ಕಿಲೋ ಒಳಗೆ ಇದ್ದರೆ ಲೈಸೆನ್ಸ್ ಕೇಳುವುದಿಲ್ಲ. ಅದು ಅಲ್ಲಿಯ ಕಾನೂನು. ನಮ್ಮಲ್ಲಿ ಮೈಕ್ರೋಲೈಟ್ ಡಿಜಿಸಿಎ, ಅಂದರೆ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಕೈಕೆಳಗೆ ಬರುತ್ತದೆ. ವಿಮಾನಕ್ಕೆ ನೋಂದಣಿ ಬೇಕು, ಹಾರಲು ಪರ್ಮಿಟ್ ಬೇಕು, ಹಾರಿಸುವವನಿಗೆ ಲೈಸೆನ್ಸ್ ಬೇಕು, ಭದ್ರತೆಯ ಒಪ್ಪಿಗೆಗಳೂ ಬೇಕು. ಆನ್‌ಲೈನಿನಲ್ಲಿ ಕಿಟ್ ತರಿಸಿ, ಕಾರ್ಕಳದ ಗುಡ್ಡೆಯಲ್ಲಿ ಜೋಡಿಸಿ, ಭಾನುವಾರ ಹಾರಿಸುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ. ನಮ್ಮ ಕಡಲ ಬದಿಯಲ್ಲಿ ಬಂದರು ಉಂಟು, ರಿಫೈನರಿ ಉಂಟು, ಕೆಂಜಾರಿನಲ್ಲಿ ವಿಮಾನ ನಿಲ್ದಾಣ ಉಂಟು. ಕೇಳದೆ ಹಾರಿದರೆ ಕೆಳಗೆ ಪೊಲೀಸರೇ ಕಾಯುತ್ತಾ ಇರುತ್ತಾರೆ.

ಕಾಲೇಜಿನಲ್ಲಿ ಇರುವವರಿಗೆ ಒಂದು ಕಿವಿಮಾತು. ಮಂಗಳೂರಿನಲ್ಲಿ ಎನ್‌ಸಿಸಿಯ ಏರ್ ವಿಂಗ್ ಇದೆ. ಎನ್‌ಸಿಸಿಯಲ್ಲಿ ಕೆಡೆಟ್‌ಗಳನ್ನು ಹಾರಿಸುವುದೇ ಮೈಕ್ರೋಲೈಟ್‌ನಲ್ಲಿ. ವಾಯುಸೇನೆ, ನೌಕಾಪಡೆ, ಎನ್‌ಸಿಸಿ ಮೂವರಿಗೂ ಸೇರಿಸಿ ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯಿಂದ 194 ವಿಮಾನ ತರಿಸುವ ಒಪ್ಪಂದ 2015ರಲ್ಲಿ ಆಗಿತ್ತು. ನಿಮ್ಮ ವಯಸ್ಸು ಅದಕ್ಕೆ ಕೂಡಿಬಂದರೆ ಮೊದಲು ಆ ಬಾಗಿಲು ತಟ್ಟಿ. ನನಗೆ ಗೊತ್ತಾಗುವ ಹೊತ್ತಿಗೆ ತಲೆಕೂದಲು ಹಣ್ಣಾಗಲು ಶುರುವಾಗಿತ್ತು.

ಹೆಜ್ಜೆ 1: ಮನೆಯಲ್ಲಿದ್ದೇ ಗಾಳಿ ಓದಿ

ಇದಕ್ಕೆ ಎರಡು ತಿಂಗಳು ಕೊಡಿ. ನಗಬೇಡಿ. ಮೈಕ್ರೋಲೈಟ್ ಗಂಟೆಗೆ 90–100 ಕಿಲೋಮೀಟರಿನಲ್ಲಿ ಹೋಗುವ ಹಗುರ ಸಾಮಾನು. ದೊಡ್ಡ ವಿಮಾನಕ್ಕೆ ಗೊತ್ತೇ ಆಗದ ಗಾಳಿ ಇದನ್ನು ಅಲ್ಲಾಡಿಸಿ ಬಿಡುತ್ತದೆ.

ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ, ಹಾಗಾಗಿ ಬೆಳಿಗ್ಗೆ ಗಾಳಿ ಮೂಡಣದಿಂದ ಕಡಲಿನ ಕಡೆಗೆ ಮೆಲ್ಲಗೆ ಹೋಗುತ್ತಾ ಇರುತ್ತದೆ. ಬಿಸಿಲು ಏರಿದ ಮೇಲೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಎದ್ದುಹೋಗುತ್ತದೆ, ಆ ಜಾಗ ತುಂಬಲು ಕಡಲಿನ ತಂಪು ಗಾಳಿ ಒಳಗೆ ನುಗ್ಗುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಇದು ನಡುಬೆಳಿಗ್ಗೆ ಹೊತ್ತಿಗೆ ಆಗುತ್ತದೆ. ಮನೆಯಂಗಳದ ತೆಂಗಿನ ಮರ ನೋಡಿ. ಏಳು ಗಂಟೆಗೆ ಗರಿಯ ತುದಿ ಮಾತ್ರ ಕಡಲ ಕಡೆಗೆ ಅಲ್ಲಾಡುತ್ತಾ ಇರುತ್ತದೆ. ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ, ಸೆಕೆ, ಬೆವರು. ಮತ್ತೆ ಇದ್ದಕ್ಕಿದ್ದಂತೆ ಇಡೀ ಗರಿ ಘಟ್ಟದ ಕಡೆಗೆ ಬಾಗುತ್ತದೆ. ಆ ನಡುವಿನ ಸೆಕೆಯ ಹೊತ್ತು ಇದೆಯಲ್ಲ, ಗಾಳಿ ದಿಕ್ಕು ಬದಲಿಸುವ ಹೊತ್ತು, ಅದನ್ನು ನೋಡಿದ ಕೂಡಲೇ ಗುರುತಿಸುವಷ್ಟು ಕಣ್ಣು ಪಳಗಬೇಕು.

ಇದನ್ನೇ ಅಂಕಿಯಲ್ಲಿ ನೋಡಬೇಕಾದರೆ ಮಂಗಳೂರು ವಿಮಾನ ನಿಲ್ದಾಣದ ಹವಾಮಾನ ವರದಿ ನೋಡಿ. ಅದಕ್ಕೆ ಮೆಟಾರ್ ಅಂತಾರೆ. ನಮ್ಮ ನಿಲ್ದಾಣದ ಸಂಕೇತ ವಿಒಎಂಎಲ್, ಮೊಬೈಲಿನಲ್ಲಿ ಹಾಕಿದರೆ ಬರುತ್ತದೆ. ಬೆಳಿಗ್ಗೆಯ ವರದಿಯಲ್ಲಿ 08004 ಅಂತ ಇದ್ದರೆ ಗಾಳಿ 80 ಡಿಗ್ರಿಯಿಂದ, ಅಂದರೆ ಹೆಚ್ಚುಕಮ್ಮಿ ಮೂಡಣದಿಂದ, 4 ನಾಟ್. ಮಧ್ಯಾಹ್ನ 28010 ಅಂತ ಆದರೆ ಪಡುವಣದಿಂದ 10 ನಾಟ್, ಗಂಟೆಗೆ ಸುಮಾರು 18 ಕಿಲೋಮೀಟರ್. ಸಮಯ ಗ್ರೀನಿಚ್ ಲೆಕ್ಕದಲ್ಲಿ ಇರುತ್ತದೆ, ಐದೂವರೆ ಗಂಟೆ ಸೇರಿಸಿಕೊಳ್ಳಿ. 0230 ಅಂದರೆ ನಮ್ಮ ಬೆಳಿಗ್ಗೆ ಎಂಟು. ಒಂದು ನೋಟ್‌ಬುಕ್ ಇಡಿ. ಎಡಕ್ಕೆ ತೆಂಗಿನ ಗರಿ ಹೇಳಿದ್ದು, ಬಲಕ್ಕೆ ಮೆಟಾರ್ ಹೇಳಿದ್ದು. ಎರಡು ವಾರದಲ್ಲಿ ಗರಿ ನೋಡಿ ನಾಟ್ ಹೇಳುವ ಅಂದಾಜು ಬರುತ್ತದೆ. ನನಗೆ ಬಂತು.

ಇನ್ನೊಂದು ಜಾಗ ಕಾಪು. 1901ರ ದೀಪಸ್ತಂಭದ ಮೇಲೆ ಬಿಡುವ ಹೊತ್ತು ನೋಡಿಕೊಂಡು ಹತ್ತಿ. ಕೆಳಗೆ ಮರಳಿನಲ್ಲಿ ನಿಂತಾಗ ಇದ್ದ ಗಾಳಿಗೂ ಮೇಲಿನ ಗಾಳಿಗೂ ಎಷ್ಟು ವ್ಯತ್ಯಾಸ ಅಂತ ಕೆನ್ನೆಗೇ ಗೊತ್ತಾಗುತ್ತದೆ. ಇಳಿಯುವ ವಿಮಾನಕ್ಕೆ ಇದು ಉಲ್ಟಾ ಆಗುತ್ತದೆ. ಮೇಲೆ ಎದುರು ಗಾಳಿ ಜೋರಾಗಿತ್ತು, ನೆಲದ ಹತ್ತಿರ ಬಂದಾಗ ಕಡಿಮೆಯಾಯಿತು, ರೆಕ್ಕೆಗೆ ಸಿಗುತ್ತಿದ್ದ ವೇಗವೂ ಅಷ್ಟೇ ಹೊತ್ತಿಗೆ ಇಳಿಯಿತು. ಮಂಗಳೂರಿನ ಗಾಳಿಪಟ ಉತ್ಸವಕ್ಕೆ ಹೋದರೆ ಸುಮ್ನೆ ಚಿತ್ರ ತೆಗೆದು ಬರಬೇಡಿ. ಮೊದಲ ಹತ್ತು ಮೀಟರಿನಲ್ಲಿ ಪಟ ಹೇಗೆ ಒದ್ದಾಡುತ್ತದೆ, ಮೇಲೆ ಹೋದ ಮೇಲೆ ಹೇಗೆ ಸುಮ್ಮನಾಗುತ್ತದೆ ನೋಡಿ. ಆ ಒದ್ದಾಟದ ಪದರದಲ್ಲೇ ನೀವು ನಾಳೆ ಇಳಿಯಬೇಕಾದದ್ದು.

ಕೆಂಜಾರಿನ ರನ್‌ವೇ ಗುಡ್ಡದ ತಲೆ ಸವರಿ ಮಾಡಿದ್ದು. ಅಂಥ ಜಾಗದಲ್ಲಿ ಎದುರು ಗಾಳಿ ರನ್‌ವೇ ದಾಟಿ ಅಂಚಿಗೆ ಬಂದಾಗ, ಕಿಂಡಿ ಅಣೆಕಟ್ಟಿನ ಹಲಗೆ ದಾಟಿದ ನೀರಿನ ಹಾಗೆ ಕೆಳಗೆ ಬೀಳುತ್ತದೆ. ಇಳಿಯಲು ಬರುವ ವಿಮಾನ ಮೊದಲು ಸಿಕ್ಕಿಕೊಳ್ಳುವುದು ಆ ಬೀಳುವ ಗಾಳಿಗೆ. ಅಲ್ಲಿ ನಾವು ಬೇಕಾದ ಹಾಗೆ ಮೈಕ್ರೋಲೈಟ್ ಇಳಿಸಲಾಗದು, ಅದು ಏರ್ ಟ್ರಾಫಿಕ್ ಕಂಟ್ರೋಲ್‌ನವರ ಜಾಗ. ಆದರೆ ಗುಡ್ಡ, ಮರದ ಸಾಲು, ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಯಾವುದರ ಹಿಂದೆ ಆದರೂ ಗಾಳಿ ಹೀಗೇ ಉರುಳುತ್ತದೆ.

ಹಾರಾಟದ ಕಾಲ ಯಾವುದು? ನಮ್ಮ ಊರಿನಲ್ಲಿ ಇದಕ್ಕೆ ಲೆಕ್ಕ ಸುಲಭ. ನವೆಂಬರ್ ಹೊತ್ತಿಗೆ ಯಕ್ಷಗಾನ ಮೇಳ ತಿರುಗಾಟಕ್ಕೆ ಹೊರಟಾಗ ಶುರು, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದಾಗ ಬಂದ್. ಅದರಲ್ಲೂ ಏಪ್ರಿಲ್, ಮೇ ಮಧ್ಯಾಹ್ನಗಳನ್ನು ನಂಬಬೇಡಿ. ಘಟ್ಟದ ಮೇಲೆ ಹೂಕೋಸಿನಂಥ ಮೋಡ ಎದ್ದು ಸಂಜೆಗೆ ಗುಡುಗಾಗಿ ಕೆಳಗೆ ಬರುತ್ತದೆ. ಮಳೆಗೂ ಮೊದಲು ತಣ್ಣನೆಯ ಗಾಳಿ ರಪ್ಪನೆ ಹೊಡೆಯುತ್ತದಲ್ವಾ, ಒಣಗಲು ಹಾಕಿದ ಬಟ್ಟೆ ಹಾರಿಹೋಗುವ ಆ ಗಾಳಿ? ಆ ಹೊತ್ತಿಗೆ ಮೈಕ್ರೋಲೈಟ್ ಹ್ಯಾಂಗರ್ ಒಳಗೆ ಇರಬೇಕು.

ಹೆಜ್ಜೆ 2: ಒಮ್ಮೆ ಹಾರಿ ನೋಡಿ

ಬೆಂಗಳೂರಿನ ಜಕ್ಕೂರು ವಿಮಾನಾಂಗಣದಲ್ಲಿ ಮೈಕ್ರೋಲೈಟ್ ಹಾರಾಟ ಬಹಳ ವರ್ಷಗಳಿಂದ ಇದೆ. ಜಕ್ಕೂರು ಅಂದರೆ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವ ಜಾಗ, 1948ರಿಂದ. ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಹಾರುವ ಪ್ಲಾನ್ ಹಾಕಬೇಡಿ. ಶಿರಾಡಿ ಘಾಟಿಯಲ್ಲಿ ನಿದ್ದೆಗೆಟ್ಟು, ತಿಂಡಿ ಬಿಗಿದು, ವಿಮಾನ ಹತ್ತಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಮೊದಲೇ ಹೋಗಿ ಮಲಗಿ.

ಹಾರಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಕೆಳಗೆ ಕಾಣುವ ಊರು ಹಿಡಿಸಿತಾ, ವಿಮಾನ ನಡೆಸುವ ಕೆಲಸ ಹಿಡಿಸಿತಾ? ಬರೀ ಊರು ಹಿಡಿಸಿದರೆ ವರ್ಷಕ್ಕೊಮ್ಮೆ ಟಿಕೆಟ್ ತೆಗೆದು ಹಾರಿ, ಸಾಕು. ಎಷ್ಟೋ ದುಡ್ಡು ಉಳಿಯುತ್ತದೆ.

ಹೆಜ್ಜೆ 3: ಯಾವ ಜಾತಿಯದು ಅಂತ ಆರಿಸಿ

ಮೈಕ್ರೋಲೈಟ್‌ನಲ್ಲಿ ಎರಡು ಜಾತಿ. ಒಂದು ಟ್ರೈಕ್. ಮೇಲೆ ಗಾಳಿಪಟದಂಥ ರೆಕ್ಕೆ, ಕೆಳಗೆ ಮೂರು ಗಾಲಿಯ ತೊಟ್ಟಿಲು, ಕೈಯಲ್ಲಿ ಒಂದು ಅಡ್ಡ ಪೈಪು. ಪೈಪು ಮುಂದೆ ದೂಡಿದರೆ ಮೂಗು ಮೇಲೆ, ವೇಗ ಕಡಿಮೆ. ಹತ್ತಿರ ಎಳೆದರೆ ಮೂಗು ಕೆಳಗೆ, ವೇಗ ಜಾಸ್ತಿ. ಎಡಕ್ಕೆ ತಿರುಗಲು ಪೈಪನ್ನು ಬಲಕ್ಕೆ ದೂಡಬೇಕು. ಇನ್ನೊಂದು ಮಾಮೂಲಿ ವಿಮಾನದ ಹಾಗೆ ಸ್ಟಿಕ್, ಕಾಲಿನಡಿ ರಡ್ಡರ್ ಪೆಡಲ್ ಇರುವಂಥದ್ದು. ಅದರಲ್ಲಿ ಎಲ್ಲ ಉಲ್ಟಾ: ಸ್ಟಿಕ್ ಎಳೆದರೆ ಮೂಗು ಮೇಲೆ, ಎಡಕ್ಕೆ ಒತ್ತಿದರೆ ಎಡಕ್ಕೆ.

ಶುರುವಿನಲ್ಲಿ ಎರಡನ್ನೂ ಬೆರೆಸಬೇಡಿ. ಗಾಬರಿಯಾದಾಗ ತಲೆ ಓಡುವುದಿಲ್ಲ, ಕೈ ಮಾತ್ರ ಓಡುತ್ತದೆ. ಮುಂದೆ ದೊಡ್ಡ ವಿಮಾನದ ಆಸೆ ಇದ್ದರೆ ಸ್ಟಿಕ್ಕಿನದೇ ಕಲಿಯಿರಿ. ನಾನು ಕಲಿತದ್ದೂ ಅದೇ, ಬಟ್ಟೆ ಹೊದಿಸಿದ ರೆಕ್ಕೆಯ ಹಳೆಯ ವಿಮಾನದಲ್ಲಿ. ಅಂಥ ಎಕ್ಸ್-ಏರ್ ವಿಮಾನಗಳನ್ನು ಬೆಂಗಳೂರಿನಲ್ಲೇ ರಾಜಹಂಸ ಅಲ್ಟ್ರಾಲೈಟ್ಸ್ ಅನ್ನುವ ಕಂಪನಿ ಮಾಡುತ್ತಿತ್ತು, ಫ್ರಾನ್ಸಿನ ಜೋಯೆಲ್ ಕೋಶ್ಲಾ ಕಟ್ಟಿದ ಕಂಪನಿ. ಯುರೋಪಿನವರು ಅಲ್ಲಿಂದ ತರಿಸಿಕೊಂಡು ಹಾರಿಸಿದ್ದಾರೆ.

ಹೆಜ್ಜೆ 4: ದುಡ್ಡು ಕಟ್ಟುವ ಮೊದಲು ಮೆಡಿಕಲ್

ಎಲ್ಲರೂ ಉಲ್ಟಾ ಮಾಡುತ್ತಾರೆ. ಮೊದಲು ಫೀಸ್, ಆಮೇಲೆ ಡಾಕ್ಟರ್. ಡಿಜಿಸಿಎ ಒಪ್ಪಿದ ಡಾಕ್ಟರುಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅವರಲ್ಲಿ ಒಬ್ಬರ ಹತ್ತಿರ ಎರಡನೇ ದರ್ಜೆಯ ಮೆಡಿಕಲ್ ಮಾಡಿಸಿ. ಕಣ್ಣು, ಬಣ್ಣ ಗುರುತಿಸುವುದು, ಕಿವಿ, ಇಸಿಜಿ, ರಕ್ತ, ಮೂತ್ರ ಎಲ್ಲ ನೋಡುತ್ತಾರೆ. ಕನ್ನಡಕ ಇದ್ದರೆ ಹೆದರಬೇಡಿ, ಕನ್ನಡಕ ಹಾಕಿ ಸರಿಯಾಗಿ ಕಂಡರೆ ಆಯಿತು. ಶುಗರ್, ಬಿಪಿ ಇದ್ದರೆ ಮುಚ್ಚಿಡಬೇಡಿ.

ಆಮೇಲೆ ವಿದ್ಯಾರ್ಥಿ ಪೈಲಟ್ ಲೈಸೆನ್ಸ್, ಎಸ್‌ಪಿಎಲ್. ಹದಿನಾರು ವರ್ಷ ಆಗಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು. ಅರ್ಜಿ ಡಿಜಿಸಿಎಯ ಇಜಿಸಿಎ ಪೋರ್ಟಲಿನಲ್ಲಿ. ಹತ್ತನೆಯ ಅಂಕಪಟ್ಟಿಯಲ್ಲಿ ಇರುವ ಹೆಸರು, ಆಧಾರಿನಲ್ಲಿ ಇರುವ ಹೆಸರು ಅಕ್ಷರ ಬಿಡದೆ ಒಂದೇ ಇರಲಿ. ನಮ್ಮ ಕಡೆ ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುವುದು ಮಾಮೂಲಿ. ನಾನು ಅದಕ್ಕೇ ಒಂದು ತಿಂಗಳು ಕಳೆದೆ.

ಹೆಜ್ಜೆ 5: ಶಾಲೆ ನೋಡುವುದು ಹೇಗೆ

ನನ್ನ ದುಡ್ಡಿನ ಕತೆ ಕೇಳಿ. ಮೊದಲು ಸೇರಿದ ಕಡೆ ಪೂರ್ತಿ ಪ್ಯಾಕೇಜ್ ಒಮ್ಮೆಗೇ ಕಟ್ಟಿದರೆ ರಿಯಾಯಿತಿ ಅಂದರು. ಕಟ್ಟಿದೆ. ಇದ್ದದ್ದು ಒಂದೇ ವಿಮಾನ. ಎರಡನೇ ವಾರ ಅದರ ಇಂಜಿನ್ ಬಿಚ್ಚಿದರು, ಬಿಡಿಭಾಗ ಹೊರದೇಶದಿಂದ ಬರಬೇಕು ಅಂದರು. ಬಂದದ್ದು ಮಳೆಗಾಲದಲ್ಲಿ. ಆ ವರ್ಷ ಒಟ್ಟು ಮೂರೂವರೆ ಗಂಟೆ ಹಾರಿದೆ. ಹಾಗಾಗಿ ಹೇಳುತ್ತೇನೆ: ಹಾರಿದಷ್ಟಕ್ಕೆ ಮಾತ್ರ ಕಟ್ಟಿ, ಹೆಚ್ಚೆಂದರೆ ಐದು ಗಂಟೆಯ ಮುಂಗಡ.

ಶಾಲೆಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ, ಹ್ಯಾಂಗರಿಗೆ ಹೋಗಿ. ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇದೆ? ನಿನ್ನೆ ಎಷ್ಟು ಗಂಟೆ ಹಾರಿದೆ? ಲಾಗ್‌ಬುಕ್ ತೋರಿಸಿ ಅನ್ನಿ. ಗಂಟೆ ಲೆಕ್ಕ ಇಂಜಿನ್ ಶುರುವಾದಲ್ಲಿಂದಲೋ ಗಾಲಿ ನೆಲ ಬಿಟ್ಟಲ್ಲಿಂದಲೋ ಕೇಳಿ, ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಆಗುತ್ತದೆ. ಮುಂದೆ ದೊಡ್ಡ ವಿಮಾನದ ಖಾಸಗಿ ಲೈಸೆನ್ಸಿಗೆ 40 ಗಂಟೆ ಹಾರಬೇಕು. ನಿಮ್ಮ ಮೈಕ್ರೋಲೈಟ್ ಗಂಟೆಗಳಲ್ಲಿ ಎಷ್ಟು ಅದಕ್ಕೆ ಸೇರುತ್ತದೆ ಅಂತ ಬಾಯಿಮಾತಲ್ಲ, ಬರೆಸಿಕೊಳ್ಳಿ.

ಪೆಟ್ರೋಲ್ ಬಗ್ಗೆ ಕೇಳಲೇಬೇಕು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20ರಷ್ಟು ಎಥನಾಲ್ ಬೆರೆಸಿದ್ದು. ಮೈಕ್ರೋಲೈಟ್‌ಗಳಲ್ಲಿ ಜಾಸ್ತಿ ಕಾಣುವ ರೋಟಾಕ್ಸ್ 912 ಇಂಜಿನ್‌ಗೆ ಕಂಪನಿ ಒಪ್ಪುವುದು 10ರವರೆಗೆ ಮಾತ್ರ. ಎಥನಾಲ್ ನೀರು ಹೀರುತ್ತದೆ. ಏನು ಹಾಕುತ್ತೀರಿ ಅಂದಾಗ ಶಾಲೆಯವರು ತಡವರಿಸಿದರೆ ಬ್ಯಾಗ್ ಎತ್ತಿಕೊಂಡು ಬನ್ನಿ.

ಹೆಜ್ಜೆ 6: ಹಾರುವ ಮೊದಲ ಅರ್ಧ ಗಂಟೆ

ನನ್ನ ಗುರುಗಳು ವಿಮಾನ ಹತ್ತಲು ಬಿಡುವ ಮೊದಲು ಎರಡು ಕೆಲಸ ಮಾಡಿಸುತ್ತಿದ್ದರು. ಒಂದು ತೂಕದ ಲೆಕ್ಕ. ಖಾಲಿ ವಿಮಾನ 250 ಕಿಲೋ ಅಂತ ಇಟ್ಟುಕೊಳ್ಳಿ. ಅವರು 80, ನಾನು 90. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ, 40 ಲೀಟರಿಗೆ 29. ಕೂಡಿಸಿದರೆ 449. "ಸಾರ್, ಸರಿ ಇದೆ" ಅಂದೆ. "ಷೂ, ಹೆಡ್‌ಸೆಟ್, ಈ ನೀರಿನ ಬಾಟ್ಲಿ?" ಅಂದರು. ಹತ್ತು ಲೀಟರ್ ಇಳಿಸಿ ಹೋದೆವು. ಊರಿಗೆ ಬಂದು ಕೋರಿ ರೊಟ್ಟಿ ಎರಡನೇ ಸಲ ಬಡಿಸಿಕೊಳ್ಳುವಾಗ ಈಗಲೂ ಆ ಲೆಕ್ಕ ನೆನಪಾಗುತ್ತದೆ.

ಎರಡನೆಯದು ವಿಮಾನದ ಸುತ್ತ ಒಂದು ಪ್ರದಕ್ಷಿಣೆ, ಪ್ರತಿ ಸಲ ಒಂದೇ ಕ್ರಮದಲ್ಲಿ. ರೆಕ್ಕೆಯ ಬಟ್ಟೆ ಸಡಿಲವಾಗಿದೆಯಾ, ಹೊಲಿಗೆ ಬಿಟ್ಟಿದೆಯಾ. ಪ್ರೊಪೆಲ್ಲರ್ ತುದಿಯಲ್ಲಿ ಕಲ್ಲು ಬಡಿದ ಗುರುತು ಇದೆಯಾ, ಉಗುರು ಆಡಿಸಿ ನೋಡಿ, ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ಆಮೇಲೆ ಟ್ಯಾಂಕಿನ ಅಡಿಯ ಡ್ರೈನಿನಿಂದ ಗಾಜಿನ ಬಾಟ್ಲಿಗೆ ಸ್ವಲ್ಪ ಪೆಟ್ರೋಲ್ ಬಿಟ್ಟು ಬೆಳಕಿಗೆ ಹಿಡಿಯಿರಿ. ನೀರು ಇದ್ದರೆ ಪೆಟ್ರೋಲಿನ ಅಡಿಯಲ್ಲಿ ಗೋಲಿಯ ಹಾಗೆ ಕೂತಿರುತ್ತದೆ. ಬಾಟ್ಲಿ ಓರೆ ಮಾಡಿದರೆ ಉರುಳುತ್ತದೆ. ಒಂದು ಬೆಳಿಗ್ಗೆ ನನಗೆ ಹಾಗೆ ಸಿಕ್ಕಿತು, ಕಡಲೆಕಾಳಿನಷ್ಟು ದೊಡ್ಡದು. ಅದು ಹೋಗುವವರೆಗೆ ಮತ್ತೆ ಮತ್ತೆ ಬಿಟ್ಟು ನೋಡಿದೆವು.

ಕಂಟ್ರೋಲ್ ಕೇಬಲ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಮುಂದೆ ಎಂದಾದರೂ ಕಡಲ ಬದಿಯಲ್ಲಿ ನಿಲ್ಲಿಸಿದ ವಿಮಾನ ಸಿಕ್ಕಿದರೆ ಇನ್ನೂ ಜಾಸ್ತಿ. ಸುರತ್ಕಲ್‌ನಲ್ಲಿ ಸೈಕಲ್ ಚೈನಿಗೆ ಉಪ್ಪು ಗಾಳಿ ಏನು ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲವಲ್ಲ.

ಹೆಜ್ಜೆ 7: ಆಕಾಶದಲ್ಲಿ

ಮೊದಲ ಪಾಠಗಳು ನೇರ ಹೋಗುವುದು, ತಿರುಗುವುದು, ಏರುವುದು, ಇಳಿಯುವುದು. ಆಮೇಲೆ ಸ್ಟಾಲ್. ವೇಗ ತೀರಾ ಕಡಿಮೆಯಾಗಿ, ಮೂಗು ತೀರಾ ಮೇಲಾಗಿ, ರೆಕ್ಕೆ ಹೊರುವುದನ್ನು ಬಿಟ್ಟುಬಿಡುತ್ತದೆ. ಬಿಡಿಸಿಕೊಳ್ಳಲು ಮೂಗು ಇಳಿಸಬೇಕು. ನೆಲ ಕಾಣುತ್ತಿರುವಾಗ ಮೂಗು ಇಳಿಸಲು ಮನಸ್ಸು ಒಪ್ಪುವುದಿಲ್ಲ, ಅದಕ್ಕೇ ಇದನ್ನು ಎತ್ತರದಲ್ಲಿ ಹತ್ತಾರು ಸಲ ಮಾಡಿಸುತ್ತಾರೆ.

ಜಾಸ್ತಿ ಹೊತ್ತು ಹೋಗುವುದು ಸರ್ಕ್ಯೂಟಿಗೆ. ಏರಿ, ರನ್‌ವೇ ಸುತ್ತ ಒಂದು ಆಯತ ಹಾಕಿ, ಇಳಿಯುವುದು. ಮತ್ತೆ ಏರುವುದು. ಏಳನೇ ಗಂಟೆಯವರೆಗೆ ನನ್ನ ಲ್ಯಾಂಡಿಂಗ್ ಅಂದರೆ ಬಸ್ಸಿನ ಟಾಪಿನಿಂದ ಅಕ್ಕಿ ಮೂಟೆ ಇಳಿಸಿದ ಹಾಗೆ. ನೆಲ ಇನ್ನೂ ದೂರ ಇರುವಾಗಲೇ ಸ್ಟಿಕ್ ಎಳೆದುಬಿಡುತ್ತಿದ್ದೆ. ಗುರುಗಳು ಒಂದೇ ಮಾತು ಹೇಳಿದರು: "ಗಾಲಿ ಹತ್ತಿರ ನೋಡಬೇಡಿ, ರನ್‌ವೇಯ ಆಚೆ ತುದಿ ನೋಡಿ." ಕಣ್ಣು ದೂರ ಹೋದ ಕೂಡಲೇ ನೆಲ ಮೇಲೆ ಬರುವ ಅಂದಾಜು ತನ್ನಷ್ಟಕ್ಕೇ ಸಿಕ್ಕಿತು.

ಇಳಿಯಲು ಬರುವಾಗ ಎತ್ತರ, ವೇಗ ಸರಿ ಇಲ್ಲ ಅನ್ನಿಸಿದರೆ ಪೂರ್ತಿ ಪವರ್ ಕೊಟ್ಟು ಮತ್ತೆ ಏರಿ. ಇದಕ್ಕೆ ಗೋ ಅರೌಂಡ್ ಅಂತಾರೆ. ನಾಚಿಕೆ ಬೇಡ. 2010ರ ಮೇ 22ರಂದು ಕೆಂಜಾರಿನಲ್ಲಿ ವಿಮಾನ ರನ್‌ವೇ ದಾಟಿ ಗುಡ್ಡದಿಂದ ಕೆಳಗೆ ಬಿದ್ದು 158 ಜನ ಸತ್ತರಲ್ಲ, ಆ ವಿಮಾನದ ತನಿಖೆಯಲ್ಲಿ ಬಂದದ್ದೂ ಇದೇ. ಸರಿಯಿಲ್ಲದ ಇಳಿಕೆಯನ್ನು ಕ್ಯಾಪ್ಟನ್ ನಿಲ್ಲಿಸಲಿಲ್ಲ, ಪಕ್ಕದ ಪೈಲಟ್ ಗೋ ಅರೌಂಡ್ ಅಂತ ಮೂರು ಸಲ ಹೇಳಿದ್ದರೂ. ನಮ್ಮ ಊರಿನವರಿಗೆ ಇದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ಆ ಗುಡ್ಡದ ಕೆಳಗಿನ ರಸ್ತೆಯಲ್ಲಿ ಹೋಗುವುದೇ ಬೇರೆ.

ಈಗ ಅಮ್ಮನ ಪ್ರಶ್ನೆ. ಇಂಜಿನ್ ಬಂದ್ ಆದರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ಜಾರಿಕೊಂಡು ಇಳಿಯುತ್ತದೆ. ಮೂಗು ಇಳಿಸಿ ವೇಗ ಉಳಿಸಿಕೊಳ್ಳಿ, ಗಾಳಿಗೆ ಎದುರಾಗಿ ಇಳಿಯುವ ಜಾಗ ಹಿಡಿಯಿರಿ. ಏರಿದ ಕೂಡಲೇ ಬಂದ್ ಆದರೆ ಮುಂದೆ ಇರುವ ಜಾಗದಲ್ಲೇ ಇಳಿಯಿರಿ. ರನ್‌ವೇಗೆ ವಾಪಸ್ ತಿರುಗಲು ಹೋಗಬೇಡಿ, ಆ ತಿರುವಿನಲ್ಲೇ ಜನ ಸಾಯುವುದು. ಹಾಗಾಗಿ ಹಾರುತ್ತಿರುವಾಗ ಪ್ರತಿ ನಿಮಿಷ "ಈಗ ನಿಂತರೆ ಎಲ್ಲಿ?" ಅಂತ ಕೇಳಿಕೊಳ್ಳುತ್ತಾ ಇರಬೇಕು. ಬಯಲುಸೀಮೆಯಲ್ಲಿ ಉತ್ತರ ಸುಲಭ, ಹೊಲ ಬೇಕಾದಷ್ಟಿದೆ. ನಮ್ಮಲ್ಲಿ ಅಡಿಕೆ ತೋಟ, ತೆಂಗಿನ ತೋಟ, ಗುಡ್ಡೆ, ಹೊಳೆ. ಏಣೆಲು (ಮಳೆಗಾಲದ ಭತ್ತ) ಕೊಯ್ಲಾದ ಬೈಲು ಸಿಕ್ಕಿದರೂ ಹತ್ತು ಹೆಜ್ಜೆಗೊಂದು ಹುಣಿ, ಅಂದರೆ ಗದ್ದೆಯ ಬದು. ನಮ್ಮ ಊರಿನ ಮೇಲೆ ಹಾರುವ ಕನಸು ನನಗೂ ಉಂಟು, ಆದರೆ ಹೊಸಬರು ಕಲಿಯಲು ಘಟ್ಟದ ಮೇಲಿನ ಜಾಗ ಸರಿ ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ಒಂದೇ ತೊಂದರೆ. ಬೆಂಗಳೂರು ಸುಮಾರು 3,000 ಅಡಿ ಎತ್ತರ, ಗಾಳಿ ತೆಳು, ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಇಂಜಿನ್ ಶಕ್ತಿ ಹೋಗುತ್ತದೆ. ಬಿಸಿಲೇರಿದರೆ ಇನ್ನೂ ಕಡಿಮೆ. ಏರಲು ರನ್‌ವೇ ಜಾಸ್ತಿ ಬೇಕು.

ಒಬ್ಬರೇ ಹಾರುವ ದಿನವನ್ನು ಯಾರೂ ಮೊದಲೇ ಹೇಳುವುದಿಲ್ಲ. ಗುರುಗಳು ಬೆಲ್ಟ್ ಬಿಚ್ಚಿ, ಅದನ್ನು ಖಾಲಿ ಸೀಟಿಗೆ ಮತ್ತೆ ಬಿಗಿದು, "ಒಂದು ಸರ್ಕ್ಯೂಟ್, ಬನ್ನಿ" ಅಂತ ಇಳಿದು ನಡೆದೇಬಿಡುತ್ತಾರೆ. 80 ಕಿಲೋ ಇಳಿದ ವಿಮಾನ ಅಭ್ಯಾಸಕ್ಕಿಂತ ಬೇಗ ನೆಲ ಬಿಡುತ್ತದೆ, ಅದಕ್ಕೆ ತಯಾರಾಗಿರಿ.

ಮಳೆಗಾಲದಲ್ಲಿ ಏನು ಮಾಡುವುದು

ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆಯಲ್ಲಿ ಬೋಟುಗಳು ನಿಂತಾಗ ಮೀನುಗಾರರು ಬಲೆ ರಿಪೇರಿ ಮಾಡುತ್ತಾರಲ್ವಾ, ನೀವು ಓದಿ. ವಾಯು ನಿಯಮ, ಹವಾಮಾನ, ದಿಕ್ಕು ಹಿಡಿಯುವುದು, ಇಂಜಿನ್. ರೇಡಿಯೋದಲ್ಲಿ ಮಾತಾಡುವುದಕ್ಕೂ ಬೇರೆ ಲೈಸೆನ್ಸ್ ಇದೆ, ಅದರ ಪರೀಕ್ಷೆ ಸಲೀಸಲ್ಲ. ಆಲ್ಫಾ, ಬ್ರಾವೊ, ಚಾರ್ಲಿ ಬಾಯಿಗೆ ಬರುವವರೆಗೆ ಮುಂದೆ ಹೋಗುವ ಗಾಡಿಗಳ ನಂಬರ್ ಓದಿ. ನಂತೂರು ಸರ್ಕಲಿನ ಟ್ರಾಫಿಕ್ಕಿನಲ್ಲಿ ನನಗೆ ಅರ್ಧ ಪರೀಕ್ಷೆ ಮುಗಿದಿತ್ತು.

ನವೆಂಬರಿನಲ್ಲಿ ಮತ್ತೆ ಹೋದಾಗ, ಹಿಂದಿನ ವರ್ಷ ಎಷ್ಟೇ ಚೆನ್ನಾಗಿ ಇಳಿಸಿದ್ದರೂ, ಮೊದಲ ದಿನ ಗುರುಗಳ ಜೊತೆಯೇ ಹಾರಿ. ನಾನು ಐದು ತಿಂಗಳು ಬಿಟ್ಟು ಹೋದಾಗ ಮೊದಲ ಲ್ಯಾಂಡಿಂಗ್ ಮತ್ತೆ ಅಕ್ಕಿ ಮೂಟೆಯೇ ಆಯಿತು. ಗುರುಗಳು ಏನೂ ಹೇಳಲಿಲ್ಲ, ಬೆರಳೆತ್ತಿ ರನ್‌ವೇಯ ಆಚೆ ತುದಿ ತೋರಿಸಿದರು, ಅಷ್ಟೆ.